ವಿಮಾನಕ್ಕೆ ಕೀಲೆಣ್ಣೆ

ನನ್ನ ಗಂಡ ನಾಗರಾಜು ತಾವೇ ಒಂದು ವಿಮಾನ ಕಟ್ಟುತ್ತೇನೆಂದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ತಿರುಗಿಯೂ ನೋಡಲಿಲ್ಲ. ಮದುವೆಯಾದ ಹೊಸದರಲ್ಲಿ ಹಾರ್ಮೋನಿಯಂ ಕಲಿಯುತ್ತೇನೆಂದಿದ್ದರು, ಆಮೇಲೆ ಜೇನು ಸಾಕುತ್ತೇನೆಂದರು. ಪೆಟ್ಟಿಗೆಗಳೆರಡೂ ಅಟ್ಟದ ಮೇಲಿವೆ. ವಿಮಾನ ಅಟ್ಟಕ್ಕೆ ಹಿಡಿಸುವ ಸಾಮಾನಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ರಾಮನಗರ ಬೇರೆ ಜಿಲ್ಲೆಯಾದ ಕಾಲ ಅದು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫ್ಯಾಕ್ಟರಿ. ಟ್ರ್ಯಾಕ್ಟರಿಗೆ ಬೇಕಾದ ಬುಷ್ಷು, ಪಿನ್ನು ಮಾಡುತ್ತಿದ್ದೆವು. ಯಂತ್ರ ಅವರದು, ಆಫೀಸು ನನ್ನದು, ಬೈಯುವ ಖಾತೆಯೂ ನನ್ನದೇ. ವಿದೇಶದಿಂದ ಮರದ ಪೆಟ್ಟಿಗೆಗಳಲ್ಲಿ ಬಿಡಿಭಾಗಗಳು ಬಂದವು. ಫ್ಯಾಕ್ಟರಿಯ ಹಿಂದೆ ತಗಡಿನ ಶೆಡ್ಡು ಎದ್ದಿತು. ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು, ಇಬ್ಬರು ಕೂರುವಂಥ ಒಂದು ಪುಟ್ಟ ಬಿಳಿ ವಿಮಾನವನ್ನು ನನ್ನ ಗಂಡ ನಿಜಕ್ಕೂ ಕಟ್ಟಿಯೇಬಿಟ್ಟರು. ಹಾರಿಸಲು ಅನುಮತಿ ಇನ್ನೂ ಬಂದಿರಲಿಲ್ಲ. ಅದು ಬರುವ ತನಕ ಶೆಡ್ಡಿನ ಹಿಂದಿನ ಉದ್ದನೆಯ ಮಣ್ಣಿನ ಪಟ್ಟಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಿಸಿ, ಧೂಳು ಮೆತ್ತಿಕೊಂಡು ಮನೆಗೆ ಬರುತ್ತಿದ್ದರು.

ಆ ಮಣ್ಣಿನ ಪಟ್ಟಿ ಸಿದ್ದಯ್ಯನವರದು. ನಾನು ಹೇಳಹೊರಟಿರುವುದು ಅವರ ವಿಷಯವೇ. ಗಂಡನ ವಿಷಯ ಹೇಳುತ್ತ ಕೂತರೆ ಬೆಳಗಾಗುತ್ತದೆ.

ಸಿದ್ದಯ್ಯನವರ ಹೊಲದ ಬಹುಭಾಗ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಎರಡು ಫ್ಯಾಕ್ಟರಿಗಳ ಕಾಂಪೌಂಡಿನ ನಡುವೆ ಈ ಪಟ್ಟಿಯೊಂದು ಉಳಿದಿತ್ತು. ಹುರುಳಿ ಬಿತ್ತಿದರೆ ಹಕ್ಕಿಗೂ ಸಾಲದು. ಅದನ್ನು ನಮಗೆ ಬಾಡಿಗೆಗೆ ಕೊಟ್ಟು, ಜೊತೆಗೆ ಶೆಡ್ಡು ಕಾಯುವ ಕೆಲಸಕ್ಕೂ ಬಂದರು. ಎತ್ತರದ ಆಳು, ತಲೆಗೆ ಟವಲು, ಕಿವಿಯಲ್ಲಿ ಕೆಂಪು ಹರಳಿನ ಕಡುಕು. ಬದುಕಿಡೀ ಎತ್ತುಗಳ ಜೊತೆ ಮಾತಾಡಿದವರಾದ್ದರಿಂದ ಮನುಷ್ಯರ ಜೊತೆಗೂ ಅದೇ ಗಂಟಲು. ಶೆಡ್ಡಿನಲ್ಲಿ "ಕಾಪಿ ಆಯ್ತೇನವ್ವ?" ಅಂದರೆ ಆಫೀಸಿನಲ್ಲಿ ನನ್ನ ಕೈಯ ಲೋಟ ತುಳುಕುತ್ತಿತ್ತು.

ಹೊಲಕ್ಕಿಂತ ಹೆಚ್ಚಾಗಿ ಅವರು ಗಾಡಿ ನಂಬಿ ಬದುಕಿದವರು. ಕನಕಪುರದ ಸಂತೆಗೆ ರಾಗಿ ಮೂಟೆ, ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು, ಮದುವೆಯಾದರೆ ಹೆಣ್ಣಿನ ಕಡೆಯವರು, ಹೀಗೆ ಸುತ್ತಲಿನ ಊರೆಲ್ಲ ಅವರ ಗಾಡಿ ಹತ್ತಿ ಇಳಿದಿತ್ತು. ಆಮೇಲೆ ಟೆಂಪೋಗಳು ಬಂದವು. ಎತ್ತುಗಳನ್ನು ವಿರೂಪಾಕ್ಷಿಪುರದ ಕಡೆಯವರಿಗೆ ಮಾರಿದರು. ಗಾಡಿಯ ಚಕ್ರಗಳು ಮೈಸೂರು ರಸ್ತೆಯ ಒಂದು ಢಾಬಾದ ಬಾಗಿಲಿಗೆ ಅಲಂಕಾರವಾಗಿ ಹೋದವು. ಆ ಢಾಬಾದಲ್ಲಿ ಕಾಲಿಡುವುದಿಲ್ಲವೆಂದು ಸಿದ್ದಯ್ಯನವರು ಶಪಥ ಮಾಡಿದ್ದರು, ಯಾರೂ ಕರೆದಿರಲಿಲ್ಲ ಅನ್ನುವುದು ಬೇರೆ ಮಾತು.

ವಿಮಾನವನ್ನು ಅವರು ಮೊದಲ ದಿನದಿಂದಲೂ 'ಗಾಡಿ' ಅಂತಲೇ ಕರೆದರು. ಬಂದವರು "ಇದು ಹಾರ್ತದಾ?" ಅಂದರೆ, "ನಿನ್ ಮೊಪೆಡ್ ನೆಟ್ಟಗೆ ಓಡ್ತದೇನ್ಲಾ? ಅದ್ ನೋಡ್ಕೋ ಮೊದ್ಲು" ಅನ್ನುತ್ತಿದ್ದರು. ಅದರ ಮೂತಿ ಸವರುತ್ತಿದ್ದರು. ಎಡರೆಕ್ಕೆ ಸಾಧು, ಬಲರೆಕ್ಕೆ ಒಸಿ ಮೈಗಳ್ಳ ಎಂಬ ತೀರ್ಮಾನಕ್ಕೂ ಬಂದಿದ್ದರು. ಒಂದೇ ತಗಡಿನ ಎರಡು ರೆಕ್ಕೆಗಳಲ್ಲಿ ಅದು ಹೇಗೆ ಗೊತ್ತಾಯಿತೋ ನನಗಂತೂ ತಿಳಿಯದು.

ಈಗ ಫ್ಲ್ಯಾಪಿನ ವಿಷಯಕ್ಕೆ ಬರುತ್ತೇನೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಬಾಗುವ ಹಲಗೆ ಇರುತ್ತದೆ, ಅದೇ ಫ್ಲ್ಯಾಪು. ನೆಲಕ್ಕಿಳಿಯುವಾಗ ಅದನ್ನು ಕೆಳಗೆ ಬಾಗಿಸಿದರೆ ವಿಮಾನ ನಿಧಾನವಾಗಿ, ಪೆಟ್ಟಾಗದಂತೆ ಇಳಿಯುತ್ತದೆ. ಮತ್ತೆ ಮೇಲೆ ಹೋಗಬೇಕಾದರೆ ಅದೂ ಮೇಲೇರಬೇಕು. ಏರಿಸಿ ಇಳಿಸುವುದಕ್ಕೆ ಸೀಟಿನ ಹಿಂದೆ ಒಂದು ಸಣ್ಣ ಮೋಟಾರು ಮತ್ತು ಸ್ಕ್ರೂವಿನಂತೆ ಸುರುಳಿ ಗೆರೆ ಕೊರೆದ ಕಡ್ಡಿ. ಎರಡೂ ಸೇರಿ ಆಕ್ಚುಯೇಟರ್ ಅಂತ ಹೆಸರು. ಕಡ್ಡಿ ತನ್ನ ಕೊನೆ ಮುಟ್ಟಿದಾಗ ಒಂದು ಪುಟ್ಟ ಸ್ವಿಚ್ಚಿನ ಗುಂಡಿಯನ್ನು ಒತ್ತುತ್ತದೆ, ಮೋಟಾರು ನಿಲ್ಲುತ್ತದೆ. ಮೇಲಿನ ಕೊನೆಗೊಂದು, ಕೆಳಗಿನ ಕೊನೆಗೊಂದು ಗುಂಡಿ. ಇಷ್ಟು ತಿಳಿಯಲು ನನಗೆ ಒಂದು ಮಳೆಗಾಲ ಹಿಡಿಯಿತು, ಯಾಕೆಂದರೆ ಆ ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಫ್ಲ್ಯಾಪು ಇಳಿಯುತ್ತಿತ್ತು, ಏರುತ್ತಿರಲಿಲ್ಲ.

ಕಾರಣ ಯಾರೆಂದು ಈಗಲೇ ಹೇಳಿಬಿಡುತ್ತೇನೆ. ಕಾರಣ ಸಿದ್ದಯ್ಯನವರು. ಗಾಡಿ ಹೊಡೆಯುವವರು ಬೆಳಗಿನ ಜಾವ ಎತ್ತು ಕಟ್ಟುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಬಿಡಬೇಕು: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕಿರುತ್ತಾರೆ. ಎಣ್ಣೆ ಕಾಣದ ಗಾಡಿ ದಾರಿಯಲ್ಲಿ ಕಿರುಗುಟ್ಟಿದರೆ ಊರವರೆಲ್ಲ ಗಾಡಿಯವನ ಮುಖ ನೋಡುತ್ತಾರೆ. ಸಿದ್ದಯ್ಯನವರು ಕಣ್ಣುಜ್ಜಿಕೊಂಡ ಕೂಡಲೇ ಗೊಟ್ಟ ಹಿಡಿದು ವಿಮಾನವನ್ನು ಒಂದು ಸುತ್ತು ಬಂದು, ಎಲ್ಲೆಲ್ಲಿ ಕೀಲು ಕಂಡಿತೋ ಅಲ್ಲೆಲ್ಲ ಕೋಳಿಪುಕ್ಕದಲ್ಲಿ ಎಣ್ಣೆ ಸವರುತ್ತಿದ್ದರು. ಸೀಟಿನ ಹಿಂದಿನ ಆಕ್ಚುಯೇಟರಿಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ, ಅದಕ್ಕೂ ಧಾರಾಳವಾಗಿ ಬಿಡುತ್ತಿದ್ದರು. ಕದ್ದುಮುಚ್ಚಿ ಏನಲ್ಲ. ಮುಖ ತೊಳೆದದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ, ಹಾಗೆ ಇದೂ ಹೇಳುವ ವಿಷಯವೆಂದು ಅವರಿಗೆ ಅನಿಸಲಿಲ್ಲ. ಹರಳೆಣ್ಣೆ ಮೊದಲೇ ಜಿಗುಟು, ಮೇಲೆ ಹಾರೋಹಳ್ಳಿಯ ಕೆಂಪು ಧೂಳು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಸ್ವಿಚ್ಚಿನ ಗುಂಡಿ ಒಳಗೇ ಅಂಟಿಕೊಂಡು, ಫ್ಲ್ಯಾಪು ಆಗಲೇ ಮೇಲಿದೆಯೆಂದು ಮೋಟಾರು ಸುಮ್ಮನಾಗುತ್ತಿತ್ತು.

ನನ್ನ ಗಂಡನಿಗೆ ಇದೊಂದೂ ಗೊತ್ತಿಲ್ಲ. ಅವರು ಮೊದಲು ಬ್ಯಾಟರಿ ಬದಲಿಸಿದರು. ಆಮೇಲೆ ಫ್ಯೂಸು. ಆಮೇಲೆ ಚಾಲಕನ ಮುಂದಿನ ಸ್ವಿಚ್ಚು. ಅದೂ ಆಗದೆ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದರು. ಕೊನೆಗೆ ರಾಮನಗರದಿಂದ ಮುಜಾಮಿಲನನ್ನು ಕರೆಸಿದರು. ಅವನು ರೇಷ್ಮೆ ಬಿಚ್ಚುವ ಯಂತ್ರಗಳ ಮೋಟಾರು ರಿಪೇರಿ ಮಾಡುವವನು, ಅಚ್ಚುಕಟ್ಟಿನ ಮನುಷ್ಯ. ಯಾವುದೇ ಸಾಮಾನು ಮುಟ್ಟುವ ಮುಂಚೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಫಳಫಳ ಒರೆಸಿ, ಆಮೇಲೆಯೇ ಮೀಟರು ಹಿಡಿಯುವುದು ಅವನ ಪದ್ಧತಿ. ಒರೆಸಿದ ಮೇಲೆ ಅಳೆದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು.

"ಅಣ್ಣಾ, ಇದಕ್ಕೆ ಏನೂ ಆಗಿಲ್ಲ. ನೋಡಿ, ಮೇಲೆ, ಕೆಳಗೆ, ಮೇಲೆ, ಕೆಳಗೆ. ರಾಜನ್ ಥರಾ ಹೋಗ್ತದೆ" ಅನ್ನುತ್ತಿದ್ದ.

"ಹಾಗಾದರೆ ಒಳಗಿದ್ದ ಆ ಕರಿ?" ಎಂದು ಇವರು.

"ಕಾರ್ಬನ್ನು ಅಣ್ಣಾ. ಮೋಟಾರಿನ ಬ್ರಷ್ಷು ಸವೀತಾ ಐತೆ."

ಬ್ರಷ್ಷು ಬದಲಿಸಿದರು. ಸಂಜೆ ಫ್ಲ್ಯಾಪು ರಾಜನಂತೆ ಹೋಗಿ ಬಂತು. ಮಾರನೆಯ ದಿನ ಮಧ್ಯಾಹ್ನ ಮತ್ತೆ ಮುಷ್ಕರ. ಹೊಸ ಮೋಟಾರನ್ನೇ ತರಿಸಿದರು. ಅದರಲ್ಲೂ ಕರಿ. ಜಗತ್ತಿನಲ್ಲಿ ಒಳ್ಳೆಯ ಕಾರ್ಬನ್ನು ಮಾಡುವವರೇ ಇಲ್ಲವಾದರೆಂದು ನನ್ನ ಗಂಡ ಊಟದ ತಟ್ಟೆಯ ಮುಂದೆ ಕೂತು ಮರುಗುತ್ತಿದ್ದರು. ಆದರೆ ಬಾಗಿಲಿನ ಕೀಲು, ರೆಕ್ಕೆಯ ಕೀಲುಗಳು ಮಾತ್ರ ಬೆಣ್ಣೆಯಂತೆ ತಿರುಗುತ್ತಿದ್ದವು. ಅದು ತಮ್ಮ ಕೈಚಳಕ ಎಂದು ಬಂದವರಿಗೆಲ್ಲ ತೆರೆದು ಮುಚ್ಚಿ ತೋರಿಸುತ್ತಿದ್ದರು.

ಈ ಹುಡುಕಾಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಸಿದ್ದಯ್ಯನವರೇ. ಮುಜಾಮಿಲ್ ಕೂತರೆ ಅವನ ಹೆಗಲ ಮೇಲಿಂದ ಬಗ್ಗಿ, "ಅಲ್ಲಲ್ಲ ಕಣಪ್ಪ, ಆ ಕೆಂಪು ವೈರ್ ನೋಡು, ಅದ್ಯಾಕೋ ಸರಿ ಕಾಣಾಕಿಲ್ಲ" ಅನ್ನುತ್ತಿದ್ದರು. ಮುಜಾಮಿಲ್ ಕೆಂಪು ವೈರು ನೋಡಿದರೆ, "ಹಂಗಾರೆ ಕರೇದು" ಅನ್ನುತ್ತಿದ್ದರು. ಒಂದು ದಿನ ವಿಮಾನದ ಬಾಲದಲ್ಲಿ ಹಳೆಯ ಹವಾಯಿ ಚಪ್ಪಲಿ ನೇತಾಡುತ್ತಿತ್ತು. ನನ್ನ ಗಂಡ ಕೆಂಡವಾದರು.

"ದೃಷ್ಟಿ ಕಣಪ್ಪ," ಅಂದರು ಸಿದ್ದಯ್ಯನವರು ತಣ್ಣಗೆ. "ಆ ಪಕ್ಕದ ಪೈಪ್ ಫ್ಯಾಕ್ಟರಿಯೋರು ಊಟದ ಹೊತ್ನಲ್ಲಿ ಬಂದು ಬಾಯ್ ಬುಟ್ಕೊಂಡು ನೋಡ್ತಾ ನಿಂತ್ಕೊತಾರೆ. ಮೋಟಾರ್ ಏನ್ ಮಾಡೀತು ಪಾಪ?"

ಆ ಚಪ್ಪಲಿ ತೆಗೆಸಲು ಇವರಿಗೆ ಸಾಕುಸಾಕಾಯಿತು. ಮರುದಿನ ಅದರ ಜೋಡಿ ಚಪ್ಪಲಿ ನೇತಾಡುತ್ತಿತ್ತು.

ನನಗೂ ಒಂದು ತಾಳ್ಮೆ ಅಂತ ಇದೆ, ಉದ್ದ ಕಡಿಮೆ. ಫ್ಯಾಕ್ಟರಿಗೆ ಹೊಸ ಪ್ರೆಸ್ ಯಂತ್ರ ಬರುವುದಿತ್ತು, ಇಡಲು ಆ ಶೆಡ್ಡೇ ಬೇಕು. ಗೌರಿ ಹಬ್ಬದ ದಿನ ಬಾಗಿನ ತೆಗೆದಿಟ್ಟು ನಾನು ಗಂಡನಿಗೆ ಹೇಳಿದೆ: "ದೀಪಾವಳಿಯೊಳಗೆ ನಿಮ್ಮ ಫ್ಲ್ಯಾಪು ಏರದಿದ್ದರೆ ವಿಮಾನ ಮಾರಬೇಕು." ಹೊಸೂರಿನಲ್ಲಿ ಗುಲಾಬಿ ತೋಟ ಮಾಡಿದ ಸಾಹುಕಾರರೊಬ್ಬರು ಕೇಳಿಯೂ ಇದ್ದರು. ಸೋತು ಸುಣ್ಣವಾಗಿದ್ದ ಮನುಷ್ಯ, ಹೂಂ ಅಂದುಬಿಟ್ಟರು.

ಸುದ್ದಿ ಶೆಡ್ಡು ಮುಟ್ಟಿತು. ಅದಾದ ಮೇಲೆ ಒಂದು ಬೆಳಿಗ್ಗೆ ಸಿದ್ದಯ್ಯನವರ ಹೆಂಡತಿ ಕೆಂಚಮ್ಮ ಆಫೀಸಿಗೆ ಬಂದರು. ಗಂಡನ ಗಂಟಲಿಗೆ ವಿರುದ್ಧವಾಗಿ ಅವರದು ಪಿಸುದನಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಗಾಡಿ ಮಾರ್ತೀರಂತೆ?"

"ಹೌದು ಕೆಂಚಮ್ಮ. ಶೆಡ್ಡಿಗೆ ಯಂತ್ರ ಬರುತ್ತೆ. ಬಾಡಿಗೆ ನಿಲ್ಲಿಸಲ್ಲ, ನೀವೇನೂ ಯೋಚನೆ ಮಾಡಬೇಡಿ."

"ಬಾಡ್ಗೆ ಅಲ್ಲ ಕಣವ್ವ." ಸೆರಗಿನ ತುದಿ ತಿರುವುತ್ತ ನಿಂತರು. "ಎತ್ ಮಾರಿದ್ ಮ್ಯಾಲೆ ಇವ್ರು ಗೋಡೆ ಕಡೆ ಮಕ ಮಾಡ್ಕೊಂಡು ಮಲೀಕೊಂಬುಟ್ರು. ಎದ್ದು ಏನ್ ಮಾಡ್ಲಿ ಅನ್ನೋರು. ಉಣ್ಣು ಅಂದ್ರೆ ಉಣ್ಣೋರು, ಇಲ್ದಿದ್ರೆ ಇಲ್ಲ. ನಿಮ್ ಗಾಡಿ ಬಂದ್ ಮ್ಯಾಲೇ ಕೋಳಿ ಕೂಗೋಕ್ ಮುಂಚೆ ಏಳ್ತಾವ್ರೆ. ಅದು ಹೋದ್ರೆ ಇನ್ನೊಂದ್ ಸಲ ನನ್ ಕೈಲಿ ಎಬ್ಬಿಸಾಕಾಗಲ್ಲ."

ಪ್ರೆಸ್ ಯಂತ್ರಕ್ಕೆ ಮಾತು ಕೊಟ್ಟಾಗಿತ್ತು. "ನೋಡೋಣ" ಅಂದೆ. ದೊಡ್ಡವರು ಇಲ್ಲ ಅನ್ನುವುದಕ್ಕೆ ಬದಲು ಹೇಳುವ ಮಾತದು. ಕೆಂಚಮ್ಮನಿಗೂ ಅದು ಗೊತ್ತಿತ್ತು.

ದೀಪಾವಳಿ ಬಾಗಿಲಿಗೆ ಬಂದರೂ ಫ್ಲ್ಯಾಪು ಏರಲಿಲ್ಲ. ಹೊಸೂರಿನವರು ನೋಡಲು ಬರುವ ಹಿಂದಿನ ದಿನ, ಶನಿವಾರ. ಒಗೆಯಲು ಹಾಕಿದ್ದ ಗಂಡನ ಶರ್ಟು ನೆನೆಹಾಕಲು ಎತ್ತಿಕೊಂಡೆ. ತೋಳಿನ ತುಂಬ ಆ ಪ್ರಸಿದ್ಧ ಕಾರ್ಬನ್ನು. ಕಲೆ ಹೋಗುತ್ತದೋ ಇಲ್ಲವೋ ಅಂತ ಮೂಗಿನ ಹತ್ತಿರ ಹಿಡಿದೆ. ಅಷ್ಟೇ, ಶರ್ಟನ್ನು ದೂರ ಹಿಡಿದೆ. ನಾನು ಹುಟ್ಟಿ ಬೆಳೆದದ್ದು ಮಾಗಡಿ ಕಡೆಯ ಸೋಲೂರಿನಲ್ಲಿ. ಬೇಸಿಗೆ ರಜೆ ಬಂತೆಂದರೆ ಅಜ್ಜಿ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಮೂಗು ಹಿಡಿದು ಭೇದಿಗೆ ಹರಳೆಣ್ಣೆ ಕುಡಿಸುತ್ತಿದ್ದಳು. ಆ ವಾಸನೆಯನ್ನು ಸತ್ತರೂ ಮರೆಯಲಾರೆ. ಯಾವ ದೇಶದ ಮೋಟಾರಿನಲ್ಲಿ ಹರಳೆಣ್ಣೆಯ ಕಾರ್ಬನ್ನು ಉದುರುತ್ತದೆ? ಪೇಟೆಯಲ್ಲಿ ಬೆಳೆದ ನನ್ನ ಗಂಡನ ಮೂಗಿಗೆ ಇದು ತಿಳಿಯುವ ಹಾಗಿರಲಿಲ್ಲ. ನನಗೆ ಮಾತ್ರ ಶರ್ಟು ಕೆಳಗಿಡುವಷ್ಟರಲ್ಲಿ ಎಲ್ಲ ಗೊತ್ತಾಯಿತು.

ಇವರು ಏನೋ ತರಲು ಪೀಣ್ಯಕ್ಕೆ ಹೋಗಿದ್ದರು. ನಾನು ಶರ್ಟನ್ನು ಧ್ವಜದಂತೆ ಹಿಡಿದು, ಬೈಗುಳಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಶೆಡ್ಡಿಗೆ ನಡೆದೆ. ಮಳೆಗಾಲವಿಡೀ ಇಬ್ಬರು ಗಂಡಸರು ತಲೆ ಕೆಡಿಸಿಕೊಂಡಿದ್ದಾರೆ, ಈ ಮುದುಕ ಬೆಳಿಗ್ಗೆ ಎಣ್ಣೆ ಬಿಟ್ಟು ಮಧ್ಯಾಹ್ನ ಬಂದು ಕೆಂಪು ವೈರು ತೋರಿಸುತ್ತಾನೆ!

"ಸಿದ್ದಯ್ಯನೋರೆ, ಆ ಮೋಟಾರಿಗೆ ನೀವು ಏನಾದರೂ ಹಾಕ್ತೀರಾ?"

ಅವರ ಮುಖ ಅರಳಿತು. ಇಷ್ಟು ದಿನಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂಬಂತೆ ಒಳಗೆ ಹೋಗಿ ಗೊಟ್ಟ ತಂದರು.

"ನೋಡವ್ವ, ಕೀಲೆಣ್ಣೆ. ಈಗಿನ್ ಕಾಲದಾಗೆ ಯಾರ್ಗೂ ಮಾಡಾಕ್ ಬರಾಕಿಲ್ಲ. ಕೆಂಚಿ ಹರಳು ಉರ್ದು, ಕುಟ್ಟಿ, ಬೇಯ್ಸಿ ತೆಗ್ದಿರೋ ಎಣ್ಣೆ, ಅಂಗಡೀದಲ್ಲ. ನಾಗ್ರಾಜಪ್ಪ ಪಾಪ ಒಳ್ಳೇರು, ಆದ್ರೆ ಗಾಡಿ ಮಡಗಿ ಗೊತ್ತಿಲ್ಲ. ಒಂದ್ ದಿನಾನಾದ್ರೂ ಎಣ್ಣೆ ಬುಟ್ಟವ್ರಾ? ಅವ್ರು ಮರೆತ್ರೂ ನಾನು ಮರೆಯಾಕಿಲ್ಲ. ಅದ್ರಲ್ಲೂ ಆ ಮೋಟಾರು ಕಾಯಿಲೆ ಬಿದ್ದೈತಲ್ಲ, ಅದಕ್ಕೆ ಎಲ್ಲಕಿಂತ ಜಾಸ್ತಿ."

ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನೌಕರರನ್ನು, ಲಾರಿಯವರನ್ನು, ಒಮ್ಮೆ ಬ್ಯಾಂಕಿನ ಮ್ಯಾನೇಜರನ್ನೂ ಅಳಿಸಿದ ಬಾಯಿ ಇದು. ಆ ಮುಖ ನೋಡುತ್ತ ನನಗೆ ಸಂಕಟವಾಯಿತು. ಆದರೂ ಹೇಳಲೇಬೇಕಿತ್ತು. ಎಣ್ಣೆ ಎಲ್ಲಿ ಅಂಟುತ್ತದೆ, ಗುಂಡಿ ಹೇಗೆ ಒಳಗೇ ಉಳಿಯುತ್ತದೆ, ಮುಜಾಮಿಲ್ ಒರೆಸಿದ ದಿನ ಯಾಕೆ ಸರಿಹೋಗುತ್ತದೆ, ಎಲ್ಲ ನಿಧಾನವಾಗಿ ಹೇಳಿದೆ.

ಅವರು ಗೊಟ್ಟವನ್ನು ನೆಲದ ಮೇಲೆ ಇಟ್ಟು, ಪಕ್ಕದಲ್ಲಿ ತಾವೂ ಕೂತರು. ಮೊದಲ ಸಲ ಅವರ ದನಿ ಸಣ್ಣಗಾಗಿದ್ದನ್ನು ಕೇಳಿದೆ.

"ಹಂಗಾರೆ ಎಣ್ಣೆ ಬುಟ್ರೆ ಏರಾಕಿಲ್ಲ."

"ಹೂಂ."

"ನಾಳಿಕೆ ತಗೊಳೋರು ಬತ್ತಾವ್ರೆ."

"ಹೂಂ."

"ನಾಗ್ರಾಜಪ್ಪಂಗೆ ನೀನು ಹೇಳ್ಬೇಡ ಕಣವ್ವ. ತಪ್ಪು ನಂದು, ನಾನೇ ಹೇಳ್ತೀನಿ."

ಒಪ್ಪಿಕೊಂಡು ಆಫೀಸಿಗೆ ಬಂದು ಕೂತ ಮೇಲೆ ನನಗೆ ಹೊಳೆಯಿತು. ಅವರು ಹೇಳದೇ ಹೋದರೆ? ಬೆಳಿಗ್ಗೆ ಇನ್ನೊಂದು ಪುಕ್ಕದಷ್ಟು ಎಣ್ಣೆ ಬಿಟ್ಟರೆ ಸಾಕು. ಫ್ಲ್ಯಾಪು ಏರದ ವಿಮಾನವನ್ನು ಹೊಸೂರಿನವರು ಕೊಳ್ಳುವುದಿಲ್ಲ, ಗಾಡಿ ಇಲ್ಲೇ ಉಳಿಯುತ್ತದೆ. ಆ ದಾರಿಯನ್ನು ನಾನೇ ಬಿಡಿಸಿ ಹೇಳಿಕೊಟ್ಟು ಬಂದಿದ್ದೆ.

ಭಾನುವಾರ ಹೊಸೂರಿನ ಸಾಹುಕಾರರು ದೊಡ್ಡ ಕಾರಿನಲ್ಲಿ ಬಂದರು. ಬಿಳಿ ಪಂಚೆ, ಬೆರಳಿಗೊಂದು ಉಂಗುರ. ವಿಮಾನದ ಸುತ್ತ ನಡೆದು ಒಂದೊಂದು ಕಡೆ ತಟ್ಟಿ ನೋಡಿದರು. ಸಿದ್ದಯ್ಯನವರು ಬಾಗಿಲಿಗೆ ಒರಗಿ ನಿಂತಿದ್ದರು, ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೆಳಗಿನಿಂದ ನನ್ನ ಗಂಡನಿಗೆ ಅವರು ಒಂದು ಮಾತೂ ಹೇಳಿರಲಿಲ್ಲ.

ನನ್ನ ಗಂಡ ಸ್ವಿಚ್ಚು ಒತ್ತಿದರು. ಫ್ಲ್ಯಾಪು ಇಳಿಯಿತು. ಮೇಲಕ್ಕೆ ಒತ್ತಿದರು. ಏನೂ ಇಲ್ಲ. ಮತ್ತೆ ಒತ್ತಿದರು. ಮೋಟಾರು ಒಂದು ಉಸಿರೂ ಬಿಡಲಿಲ್ಲ.

ಎಣ್ಣೆ ಬಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಸಿಟ್ಟು ಬರಬೇಕಿತ್ತು. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಪ್ರೆಸ್ ಯಂತ್ರ ಹಾಳಾಗಿ ಹೋಗಲಿ ಅಂದುಕೊಂಡೆ.

ಸಾಹುಕಾರರು ಪಂಚೆ ಕೊಡವಿಕೊಂಡರು. "ಏನ್ ಸಾರ್ ಇದು? ಇಷ್ಟು ದೂರ ಕರೆಸಿ ಗುಜರಿ ಸಾಮಾನು ತೋರಿಸ್ತೀರಾ? ಇದನ್ನ ತೂಕಕ್ಕೆ ಹಾಕಿ" ಎಂದು ವಿಮಾನದ ರೆಕ್ಕೆಗೆ ಉಂಗುರದ ಕೈಯಿಂದ ಟಣ್ಣೆಂದು ಬಡಿದು, ಕಾರಿನ ಕಡೆ ತಿರುಗಿದರು. ಇನ್ನು ನಾಲ್ಕು ಹೆಜ್ಜೆ ಅವರು ನಡೆದಿದ್ದರೆ ಎಲ್ಲ ಮುಗಿಯುತ್ತಿತ್ತು. ಸಿದ್ದಯ್ಯನವರು ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು.

"ಯಾವಂದ್ಲಾ ಗುಜರಿ?"

ತಗಡಿನ ಶೆಡ್ಡು ಅದುರಿತು. ಸಾಹುಕಾರರು ಹಾರಿಬಿದ್ದರು. ಸಿದ್ದಯ್ಯನವರು ಬಾಗಿಲಿನಿಂದ ನಾಲ್ಕೇ ದಾಪುಗಾಲಿನಲ್ಲಿ ಬಂದು ಅವರ ದಾರಿಗೆ ಅಡ್ಡ ನಿಂತರು.

"ಮುಟ್ಟಿ ನೋಡೋದು ಗೊತ್ತಿಲ್ಲ, ಹೊಡ್ದು ನೋಡ್ತಾನಂತೆ! ನಿಂತ್ಕೊಳಯ್ಯ ಅಲ್ಲೇ. ಈ ಗಾಡೀಗೆ ಒಂದ್ ಐಬಿಲ್ಲ. ಐಬು ನಂದು. ಬೆಳಿಗ್ಗೆ ನಾನೇ ಎಣ್ಣೆ ಬುಟ್ಟಿವ್ನಿ. ದಿನಾ ಗೊತ್ತಿಲ್ದೆ ಬುಡ್ತಿದ್ದೆ, ಇವತ್ತು ಗೊತ್ತಿದ್ದೂ ಬುಟ್ಟೆ. ನೀನು ತಗೋಬಾರ್ದು ಅಂತ ಬುಟ್ಟೆ!"

ಸಿದ್ದಯ್ಯನವರು ಮುಜಾಮಿಲನ ಪೆಟ್ರೋಲು ಬಟ್ಟೆ ಹುಡುಕಿ ತಂದು ವಿಮಾನದೊಳಗೆ ಬಗ್ಗಿ, ನಾನು ಹೇಳಿದ್ದ ಗುಂಡಿಯನ್ನು ತಿಕ್ಕಿ ತಿಕ್ಕಿ ಒರೆಸಿದರು. ಚಿಟಕ್ ಎಂದು ಅದು ಹೊರಗೆ ಬಂತು. "ಈಗ ಒತ್ತು ನಾಗ್ರಾಜಪ್ಪ" ಅಂದರು. ಫ್ಲ್ಯಾಪು ಸೊಂಯ್ಯೆಂದು ಏರಿತು. ಇಳಿಯಿತು. ಮತ್ತೆ ಏರಿತು. "ನೋಡು! ಇದು ಗುಜರಿಯಾ?"

ಸಾಹುಕಾರರು ವ್ಯಾಪಾರಸ್ಥರು. ಒಂದು ಕ್ಷಣ ನೋಡಿ ನಕ್ಕುಬಿಟ್ಟರು. "ಪೆರಿಯವರು, ಈ ಹಿರಿಯರು, ಸರಿಯಾಗೇ ಹೇಳಿದಾರೆ. ಗಾಡಿ ಚೆನ್ನಾಗಿದೆ. ನಾನು ತಗೋತೀನಿ ಸಾರ್."

ಆಗ ಸಿದ್ದಯ್ಯನವರಿಗೆ ತಾವು ಏನು ಮಾಡಿಕೊಂಡೆವೆಂದು ತಿಳಿಯಿತು. ಕೈಯಲ್ಲಿ ಪೆಟ್ರೋಲು ಬಟ್ಟೆ ಹಾಗೇ ಇತ್ತು. ಅವರು ಯಾರನ್ನೂ ಬೇಡಲಿಲ್ಲ. ಬೈಸಿಕೊಳ್ಳಲು ತಯಾರಾದ ಶಾಲೆಯ ಹುಡುಗನಂತೆ ನನ್ನ ಗಂಡನ ಮುಂದೆ ನಿಂತರು. ನನ್ನ ಗಂಡ ನನ್ನ ಮುಖ ನೋಡಿದರು. ಮಾರಬೇಕೆಂದು ಹಟ ಹಿಡಿದವಳು ನಾನಲ್ಲವೇ.

"ಮಾರಲ್ಲ" ಅಂದೆ.

"ಲತಾ?" ಅಂದರು ಇವರು.

"ಏರದಿದ್ದರೆ ಮಾರಬೇಕು ಅಂದಿದ್ದೆ. ಏರಿತಲ್ಲ, ಕಣ್ಣು ಕಾಣಿಸಲ್ವಾ?" ಎಂದು ಅವರ ಮೇಲೇ ರೇಗಿದೆ. ಯಾರ ಮೇಲಾದರೂ ರೇಗದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಸಾಹುಕಾರರು ಕಾಫಿ ಕುಡಿದು, ತಮಿಳಿನಲ್ಲಿ ಏನೋ ಗೊಣಗಿಕೊಂಡು ಹೊರಟರು. ನನ್ನ ಗಂಡ ಒಂದು ಕಡೆ ಕೂತು ಮೊದಲು ತಲೆ ಚಚ್ಚಿಕೊಂಡರು, ಆಮೇಲೆ ನಗಲು ಶುರು ಮಾಡಿದರು. ಬದಲಿಸಿದ ಬ್ಯಾಟರಿ, ವೈರು, ಮೋಟಾರು ಎಲ್ಲ ನೆನೆಸಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸಿದ್ದಯ್ಯನವರು ಮಾತ್ರ ನಗಲಿಲ್ಲ. ಬಟ್ಟೆಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡುತ್ತಿದ್ದರು.

"ಎಲ್ಲ ಸರಿ ಕಣಪ್ಪ," ಅಂದರು ಕೊನೆಗೆ. "ನಾಳಿಂದ ಬೆಳಿಗ್ಗೆ ಎದ್ದು ನಾನೇನ್ ಮಾಡ್ಲಿ?"

ನನ್ನ ಗಂಡನ ನಗು ನಿಂತಿತು. ಹಾರ್ಮೋನಿಯಂ ಬಿಟ್ಟವರು, ಜೇನು ಬಿಟ್ಟವರು, ಅವರ ಬುದ್ಧಿಯ ಮೇಲೆ ನನಗೆ ಎಂದೂ ಅಷ್ಟು ಭರವಸೆ ಇರಲಿಲ್ಲ. ಆದರೆ ಅವತ್ತು ಅವರು ಎದ್ದು ಸಿದ್ದಯ್ಯನವರ ಕೈ ಹಿಡಿದು ವಿಮಾನದೊಳಗೆ ಚಾಲಕನ ಸೀಟಿನಲ್ಲೇ ಕೂರಿಸಿದರು. ಅಲ್ಲಿಯವರೆಗೆ ನನ್ನನ್ನೂ ಆ ಸೀಟಿನಲ್ಲಿ ಕೂರಿಸಿರಲಿಲ್ಲ.

"ಬೆಳಿಗ್ಗೆ ಎದ್ದು ಇದನ್ನ ಒತ್ತಿ, ಇಳಿಸಿ. ಆಮೇಲೆ ಏರಿಸಿ. ದಿನಾ ಮಾಡಬೇಕು, ಮೋಟಾರು ಸುಮ್ಮನೆ ಕೂತರೆ ಕೆಡುತ್ತೆ. ಏರದಿದ್ದರೆ ಮೊದಲು ನನಗೆ ಹೇಳಿ."

ಮಾರನೆಯ ದಿನ ನಾನು ಫ್ಯಾಕ್ಟರಿಗೆ ಬೇಗ ಹೋದೆ; ಪ್ರೆಸ್ ಯಂತ್ರಕ್ಕೆ ಅಂಗಳದಲ್ಲಿ ತಗಡಿನ ಮಾಡು ಹಾಕಿಸುವ ಕೆಲಸ ನನ್ನ ತಲೆಗೇ ಬಂದಿತ್ತು. ಶೆಡ್ಡಿನ ಬಾಗಿಲು ತೆರೆದಿತ್ತು. ಕೆಂಚಮ್ಮ ಬಾಗಿಲ ಬಳಿ ಮುದ್ದೆಯ ಗಂಟು ಇಟ್ಟುಕೊಂಡು ಕೂತಿದ್ದರು. ಒಳಗೆ ಸಿದ್ದಯ್ಯನವರು ಹೊಸ ಟವಲು ಸುತ್ತಿ ಸೀಟಿನಲ್ಲಿ ನೆಟ್ಟಗೆ ಕೂತು, ನಾಲಿಗೆಯಿಂದ ಲೊಚಗುಟ್ಟಿ, "ಏಳಪ್ಪ, ಏಳು" ಎಂದು ಗುಂಡಿ ಒತ್ತಿದರು. ಎರಡೂ ಫ್ಲ್ಯಾಪುಗಳು ಒಟ್ಟಿಗೇ ಎದ್ದವು.

"ಎದ್ವು ಕಣೆ ಕೆಂಚಿ!" ಎಂದು ಕೂಗಿದರು. ಆ ಕೂಗು ಪೈಪ್ ಫ್ಯಾಕ್ಟರಿಗೂ ಕೇಳಿಸಿರಬೇಕು. ಕೆಂಚಮ್ಮ ನನ್ನ ಕಡೆ ತಿರುಗಿ, "ನಮ್ಮೋರೂ ಎದ್ರು ಕಣವ್ವ" ಎಂದು ಪಿಸುಗುಟ್ಟಿದರು.